‘ಮೈ ಗರ್ಲ್’ ಹಾಡಿಗೆ ಗಿಟಾರ್ ನುಡಿಸಿದ್ದು ಯಾರು?

ಅಮೆರಿಕದ ಟೆಂಪ್ಟೇಷನ್ಸ್ ತಂಡದ ‘ಮೈ ಗರ್ಲ್’ ಕೇಳಿದವರಿಗೆ ಗಾಯಕ ಡೇವಿಡ್ ರಫಿನ್ ಬಾಯಿ ತೆರೆಯುವ ಮೊದಲೇ ಹಾಡು ಯಾವುದೆಂದು ಗೊತ್ತಾಗಿಬಿಡುತ್ತದೆ. ಮೊದಲು ಬೇಸ್ ಗಿಟಾರಿನ ಮಿಡಿತ, ಅದರ ಮೇಲೆ ಹತ್ತಿ ಹೋಗುವ ಗಿಟಾರ್. ಆ ಗಿಟಾರನ್ನು ನಮ್ಮ ಸ್ವರಗಳಲ್ಲಿ ಹಾಡಿಕೊಂಡು ನೋಡಿ: ಸ ರಿ ಗ ಪ ದ ಸ. ಅಪ್ಪಟ ಮೋಹನ ರಾಗದ ಆರೋಹಣ! ಆಮೇಲೆ ಮಧ್ಯಮವನ್ನೇ ಷಡ್ಜ ಮಾಡಿಕೊಂಡು ಮತ್ತೆ ಅದೇ ಏರಿಕೆ. ಹಾಡು ಬರೆದವರು ಸ್ಮೋಕಿ ರಾಬಿನ್ಸನ್ ಮತ್ತು ರೊನಾಲ್ಡ್ ವೈಟ್. ಗಿಟಾರ್ ನುಡಿಸಿದ್ದು ರಾಬರ್ಟ್ ವೈಟ್, ಬೇಸ್ ಜೇಮ್ಸ್ ಜೇಮರ್ಸನ್. 1965ರಲ್ಲಿ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ರೆಕಾರ್ಡಿನ ಮೇಲೆ ನುಡಿಸಿದ ಇವರಿಬ್ಬರ ಹೆಸರಿರಲಿಲ್ಲ.

ಇವರಿಬ್ಬರೂ ಡೆಟ್ರಾಯ್ಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ವಾದ್ಯಗಾರರ ಬಳಗ ‘ಫಂಕ್ ಬ್ರದರ್ಸ್’ಗೆ ಸೇರಿದವರು. ಈ ಬಳಗದ ಬಹುತೇಕರು ರಾತ್ರಿ ಕ್ಲಬ್ಬುಗಳಲ್ಲಿ ಜಾಜ್ ನುಡಿಸಿ ಪಳಗಿದವರು. ಎಷ್ಟೋ ಸಲ ಅವರ ಕೈಗೆ ಸಿಗುತ್ತಿದ್ದುದು ಬರೀ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಬರೆದ ಒಂದು ಹಾಳೆ. ಉಳಿದದ್ದನ್ನು ಅವರೇ ಹುಟ್ಟಿಸಬೇಕು. ಜೇಮರ್ಸನ್ ಬೇಸನ್ನು ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ತಂತಿ ಹಳತಾಯಿತೆಂದು ಬದಲಿಸುತ್ತಿರಲಿಲ್ಲ. ಗಾಯಕರ ತಂಡ ಫೋರ್ ಟಾಪ್ಸ್‌ನ ‘ಬರ್ನಡೆಟ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಬೇಸಿನ ಹಿಂದೆಯೇ ಹೋಗಿ ಕೇಳಿ. ತಾಳಕ್ಕೆ ಮುಂದೆ, ಹಿಂದೆ, ನಡುವೆ ನುಸುಳುತ್ತಾ ಆ ಮನುಷ್ಯ ಗಾಯಕನ ಕೆಳಗೆ ಇನ್ನೊಂದು ಹಾಡನ್ನೇ ಹಾಡುತ್ತಿದ್ದಾರೆ. ಇದನ್ನು ಪಕ್ಕವಾದ್ಯ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

"ಸಂಬಳ ಕೊಟ್ಟಿದ್ದಾರಲ್ಲ, ಇನ್ನೇನು?" ಎನ್ನುವವರಿದ್ದಾರೆ. ಒಪ್ಪುತ್ತೇನೆ, ಕೂಲಿ ಸಿಕ್ಕಿತ್ತು. ಅದು ಸಾಲದೆ ಬೇರೆ ಕಂಪನಿಗಳಿಗೂ ಕದ್ದುಮುಚ್ಚಿ ನುಡಿಸುತ್ತಿದ್ದರು. 1967ರಲ್ಲಿ ಷಿಕಾಗೋಗೆ ಹೋಗಿ ಗಾಯಕ ಜಾಕಿ ವಿಲ್ಸನ್‌ರ ‘ಹೈಯರ್ ಅಂಡ್ ಹೈಯರ್’ಗೆ ನುಡಿಸಿ ಬಂದವರಲ್ಲೂ ಇವರಿದ್ದರು. ಆದರೆ ಕೂಲಿ ಆ ದಿನದ್ದು, ಹಾಡಿನ ದುಡಿಮೆ ಇವತ್ತಿಗೂ ನಡೆದೇ ಇದೆ. ಮಾತು ಬರೆದವರಿಗೆ, ಮಟ್ಟು ಹಾಕಿದವರಿಗೆ ರಾಯಲ್ಟಿ. ಜನ ಗುನುಗುವ ಗಿಟಾರಿನ ಎಳೆ ಹುಟ್ಟಿಸಿದವನಿಗೆ ಏನೂ ಇಲ್ಲ. ಈ ಲೆಕ್ಕ ನನಗೆ ಯಾವತ್ತೂ ಸರಿ ಕಂಡಿಲ್ಲ. ದುಡ್ಡಿನ ಮಾತು ಬಿಡಿ, ಹೆಸರು ಹಾಕಲು ಏನು ಖರ್ಚಿತ್ತು?

1971ರಲ್ಲಿ ಮೋಟೌನ್ ಗಾಯಕ ಮಾರ್ವಿನ್ ಗೇ ತಮ್ಮ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂನಲ್ಲಿ ವಾದ್ಯಗಾರರ ಹೆಸರು ಅಚ್ಚು ಹಾಕಿಸಿದರು. ಮರುವರ್ಷವೇ ಕಂಪನಿ ಲಾಸ್ ಏಂಜಲೀಸ್‌ಗೆ ಹೊರಟಿತು, ಡೆಟ್ರಾಯ್ಟ್‌ನ ಬಳಗ ಚದುರಿತು. ರಾಬರ್ಟ್ ವೈಟ್ ಬಗ್ಗೆ ಅವರ ಸಂಗಾತಿಗಳು ಹೇಳುವ ಒಂದು ಪ್ರಸಂಗವಿದೆ. ಹೋಟೆಲಿನಲ್ಲಿ ಊಟಕ್ಕೆ ಕೂತಾಗ ‘ಮೈ ಗರ್ಲ್’ ಕೇಳಿಬಂತಂತೆ. "ಇದು ನಾನು ನುಡಿಸಿದ್ದು" ಎನ್ನಲು ಬಾಯಿ ತೆರೆದವರು, ಮಾಣಿ ನಂಬಲಿಕ್ಕಿಲ್ಲ ಅನ್ನಿಸಿ ಊಟ ಏನು ಬೇಕೆಂದಷ್ಟೇ ಹೇಳಿ ಸುಮ್ಮನಾದರಂತೆ.

2002ರಲ್ಲಿ ಇವರ ಮೇಲೊಂದು ಸಾಕ್ಷ್ಯಚಿತ್ರ ಬಂತು, 2004ರಲ್ಲಿ ಗ್ರ್ಯಾಮಿಯ ಜೀವಮಾನ ಸಾಧನೆ ಗೌರವ. ಅಷ್ಟರಲ್ಲಿ ಬಳಗದ ಡ್ರಮ್ಮರ್ ಬೆನ್ನಿ ಬೆಂಜಮಿನ್ ಇರಲಿಲ್ಲ, ಜೇಮರ್ಸನ್ 1983ರಲ್ಲೇ 47ನೇ ವಯಸ್ಸಿಗೆ ತೀರಿಕೊಂಡಿದ್ದರು, ರಾಬರ್ಟ್ ವೈಟ್ ಕೂಡ ಹೋಗಿದ್ದರು. ಕಂಪನಿ ಅರವತ್ತರ ದಶಕದಲ್ಲೇ ಆಲ್ಬಂಗಳ ಬೆನ್ನ ಮೇಲೆ ನಾಲ್ಕು ಸಾಲು ಅಚ್ಚು ಹಾಕಿಸಿದ್ದರೆ ಇವರೆಲ್ಲ ಅದನ್ನು ಕಣ್ಣಾರೆ ನೋಡಬಹುದಿತ್ತು.