ಇವರು ನಿಮಗೇನಾಗಬೇಕು?

ಎಂಟು ವರ್ಷದ ಹಿಂದೆ ಒಂದು ಭಾನುವಾರ ಕುಕ್ಕರಿಗೆ ಗ್ಯಾಸ್ಕೆಟ್ ತರೋಣ ಅಂತ ಚಿಕ್ಕಪೇಟೆ ಕಡೆ ಹೋದವನು ಒಬ್ಬ ಬ್ರಿಟಿಷ್ ಸೈನಿಕನನ್ನು ಜೇಬಿನಲ್ಲಿಟ್ಟುಕೊಂಡು ವಾಪಸ್ ಬಂದೆ. ಗ್ಯಾಸ್ಕೆಟ್ ಮರೆತೇ ಹೋಗಿತ್ತು. ಅವತ್ತು ಮನೆಯಲ್ಲಿ ಬೇಳೆ ಬೇಯಲಿಲ್ಲ. ನಾನು ಹೇಳಿದ ಸಬೂಬುಗಳ ಬೇಳೆಯೂ ಬೇಯಲಿಲ್ಲ.

ಸಂಡೇ ಬಜಾರ್ ಗೊತ್ತಲ್ಲ? ಟಾರ್ಪಾಲಿನ ಮೇಲೆ ಟಿವಿ ಇಲ್ಲದ ರಿಮೋಟು, ಜೊತೆ ಇಲ್ಲದ ಶೂ, ಬೀಗ ಇಲ್ಲದ ಬೀಗದಕೈ ಎಲ್ಲಾ ಹರಡಿಕೊಂಡು ಕೂತಿರುತ್ತಾರೆ. ಅಂಥದ್ದೊಂದು ಗುಡ್ಡೆಯ ನಡುವೆ, ತುಕ್ಕು ಹಿಡಿದ ಬಿಸ್ಕತ್ ಡಬ್ಬಿಯೊಳಗಿಂದ ಈ ಹುಡುಗ ನನ್ನನ್ನೇ ನೋಡುತ್ತಿದ್ದ. "ಮಿಲಿಟ್ರಿ ಐಟಂ ಸಾರ್, ಆಂಟಿಕ್ಕು. ಐನೂರು ಕೊಡಿ" ಅಂದ ವ್ಯಾಪಾರಿ. ನಾನು ಎಪ್ಪತ್ತು ಅಂದೆ. ಅವನು ತಕ್ಷಣ "ತಗೊಳ್ಳಿ" ಅಂದುಬಿಟ್ಟ. ಚೌಕಾಶಿಯಲ್ಲಿ ಇದಕ್ಕಿಂತ ದೊಡ್ಡ ಸೋಲಿಲ್ಲ. ಇಪ್ಪತ್ತು ಅನ್ನಬೇಕಿತ್ತು ಅನ್ನೋ ಕೊರಗು ಇವತ್ತಿಗೂ ಇದೆ.

ಅಂಗೈಗಿಂತ ಸ್ವಲ್ಪ ದೊಡ್ಡ ಫೋಟೋ ಕಾರ್ಡು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗ ಬೆತ್ತದ ಕುರ್ಚಿಯಲ್ಲಿ ಕೂತಿದ್ದಾನೆ. ಹೊಸ ಯೂನಿಫಾರಂ. ಅಳತೆ ಕೊಟ್ಟು ಹೊಲಿಸಿದ್ದಲ್ಲ, ಕೊಟ್ಟಿದ್ದನ್ನು ತೊಟ್ಟಿದ್ದು. ತೋಳು ಬೆರಳಿನ ಗೆಣ್ಣಿನ ತನಕ ಇಳಿದಿದೆ. ಎಡಗಾಲಿಗೆ ಸೈನಿಕರ ಬಟ್ಟೆಪಟ್ಟಿ ನೀಟಾಗಿ ಸುತ್ತಿದೆ. ಬಲಗಾಲಿನದು ಬಸ್ಸು ಹೊರಟಿತು ಅನ್ನೋ ಅವಸರದಲ್ಲಿ ಸುತ್ತಿದ ಹಾಗಿದೆ. ಹಿಂದಿನ ಪರದೆಯ ಮೇಲೆ ಮೋಡ, ಕಂಬ, ಅರಮನೆಯ ಮೆಟ್ಟಿಲು. ಕಾಲಡಿಯ ಜಮಖಾನದ ಅಂಚು ಮಾತ್ರ ಮಡಚಿಕೊಂಡು ಸ್ಟುಡಿಯೋದ ಸವೆದ ಮರದ ನೆಲ ಕಾಣುತ್ತಿದೆ. ಅರಮನೆ ಅಲ್ಲಿಗೇ ಮುಗಿಯಿತು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ 'ಅಮ್ಮನಿಗೆ' ಅಂತ ಇಂಗ್ಲಿಷಿನಲ್ಲಿ ಬರೆದಿದ್ದಾನೆ. ಕೆಳಗಿನ ಹೆಸರನ್ನು ಯಾವುದೋ ಹುಳ ತಿಂದುಹಾಕಿದೆ.

ಮೊದಲ ಮಹಾಯುದ್ಧದಲ್ಲಿ, ಅಂದರೆ 1914ರಿಂದ 1918ರ ನಡುವೆ, ಇದು ಎಲ್ಲಾ ಕಡೆ ನಡೆಯುತ್ತಿದ್ದ ಸಂಗತಿ. ಸೈನ್ಯ ಸೇರಿದ ಹುಡುಗ ಹೊಸ ಬಟ್ಟೆ ತೊಟ್ಟು ಸೀದಾ ಸ್ಟುಡಿಯೋಗೆ ಹೋಗುತ್ತಿದ್ದ. ಪೋಸ್ಟ್ ಕಾರ್ಡ್ ಅಳತೆಯ ಫೋಟೋ ಕಾಗದ ಬರುತ್ತಿತ್ತು, ಹಿಂದೆ ವಿಳಾಸದ ಗೆರೆಯೂ ಅಚ್ಚಾಗಿರುತ್ತಿತ್ತು. ಅದರ ಮೇಲೇ ಪ್ರಿಂಟ್ ಹಾಕಿ ಕೊಡುತ್ತಿದ್ದರು. ಅಮ್ಮನಿಗೊಂದು, ಹುಡುಗಿಗೊಂದು, ಗೆಳೆಯನಿಗೊಂದು. ಎಷ್ಟೋ ಕಾರ್ಡುಗಳು ಅಂಚೆ ಡಬ್ಬಿಯ ಮುಖವನ್ನೇ ನೋಡಿಲ್ಲ. ಕೈಗೆ ಕೊಟ್ಟರು, ಇಲ್ಲಾ ಕಾಗದದ ಜೊತೆ ಲಕೋಟೆಯೊಳಗೆ ಇಟ್ಟು ಕಳಿಸಿದರು. ಅದಕ್ಕೇ ಹಿಂದೆ ಹೆಸರಿಲ್ಲ, ವಿಳಾಸವಿಲ್ಲ. ಹೆತ್ತವರಿಗೆ ಮಗನ ಹೆಸರು ಯಾಕೆ ಬರೆದು ಕೊಡಬೇಕು, ಅಲ್ವಾ?

ಇವು ನಮ್ಮೂರಿನಲ್ಲಿ ಸಿಗುವುದರಲ್ಲೂ ಆಶ್ಚರ್ಯವಿಲ್ಲ. ಬ್ರಿಟಿಷ್ ಸೈನ್ಯಕ್ಕೆ ಅಂತ 1809ರಲ್ಲಿ ಶುರುವಾದ ಕಂಟೋನ್ಮೆಂಟು ನಮ್ಮ ಬೆಂಗಳೂರಿನದು. ಹಳೇ ಬಂಗಲೆ ಒಡೆದು ಅಪಾರ್ಟ್‌ಮೆಂಟ್ ಎದ್ದಾಗ ಅಟ್ಟದ ಮೇಲಿನ ಟ್ರಂಕು ಗುಜರಿಗೆ ಬರುತ್ತದೆ.

ಹುಡುಗನಿಗೆ ಕಟ್ಟು ಹಾಕಿಸಲು ಹೋದೆ. ದೇವರ ಪಟಗಳ ನಡುವೆ ಕೂತಿದ್ದ ಅಂಗಡಿಯವನು ಕಾರ್ಡು ನೋಡಿ ಕೇಳಿದ, "ಇವರು ನಿಮಗೇನಾಗಬೇಕು ಸಾರ್?"

"ಏನೂ ಆಗಬೇಕಿಲ್ಲ."

ಅವನು ಕಾರ್ಡನ್ನು, ಆಮೇಲೆ ನನ್ನ ಮುಖವನ್ನು, ಮತ್ತೆ ಕಾರ್ಡನ್ನು ನೋಡಿದ. ನನ್ನ ಬಣ್ಣ ಅವನ ಅನುಮಾನಕ್ಕೆ ಒತ್ತಾಸೆ ಕೊಡಲಿಲ್ಲ. ಆದರೂ ದನಿ ತಗ್ಗಿಸಿ "ಯಾವಾಗ ಹೋಗಿಬಿಟ್ರು?" ಅಂದ. ಗೊತ್ತಿಲ್ಲ ಅಂದೆ. ತಂದೆತಾಯಿ ಹೋದ ದಿನವನ್ನೂ ಮರೆಯುವ ಮಕ್ಕಳನ್ನು ನೋಡಿ ಅಭ್ಯಾಸವಿತ್ತೇನೋ, ಒಂದು ನಿಟ್ಟುಸಿರು ಬಿಟ್ಟು ಕಟ್ಟಿನ ಜೊತೆ ಒಂದು ಗಂಧದ ಹಾರವನ್ನೂ ಪೊಟ್ಟಣ ಕಟ್ಟಿದ. ಹಾರ ಫ್ರೀ ಅಂದ. ಫ್ರೀ ಅಂದಮೇಲೆ ಬೇಡ ಅನ್ನಲು ಬಾಯಿ ಬರುತ್ತದೆಯೇ?

ಆಮೇಲೆ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಗ್ಯಾಸ್ ಸಿಲಿಂಡರ್ ತಂದವನು ಕೇಳಿದ, ವಾಟರ್ ಫಿಲ್ಟರ್ ರಿಪೇರಿಯವನು ಕೇಳಿದ, ಹೆಂಡತಿ ಕಡೆಯ ನೆಂಟರು ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕೇಳಿದರು. ಒಬ್ಬನಿದ್ದಾಗಲೇ ಹೀಗೆ. ಈಗ ನಲವತ್ತೊಂದು ಜನ ಇದ್ದಾರೆ.

ಹೆಸರಿಲ್ಲದವರ ಗುರುತು ಹಿಡಿಯುವುದೇ ಈ ಹುಚ್ಚಿನ ಮಜಾ. ಟೋಪಿಯ ಬಿಲ್ಲೆ ನೋಡಿದರೆ ಯಾವ ರೆಜಿಮೆಂಟು ಅಂತ ಗೊತ್ತಾಗುತ್ತದೆ. ಎಡತೋಳಿನ ಕೆಳಗೆ ನೆಟ್ಟಗೆ ಒಂದು ಸಣ್ಣ ಹಿತ್ತಾಳೆ ಕಡ್ಡಿ ಇದ್ದರೆ, ಗಾಯವಾಗಿತ್ತು ಅಂತ ಅರ್ಥ. ಅದು ಬಂದದ್ದು 1916ರಲ್ಲಿ, ಹಾಗಾಗಿ ಫೋಟೋ ಅದಕ್ಕಿಂತ ಹಳೆಯದಲ್ಲ. ಅಮೆರಿಕದ ಕಾರ್ಡಾದರೆ ಹಿಂದೆ ಸ್ಟ್ಯಾಂಪ್ ಅಂಟಿಸುವ ಚೌಕ ನೋಡಬೇಕು. 'ಅಜೋ' ಅಂತ ಕಾಗದದ ಬ್ರ್ಯಾಂಡಿನ ಹೆಸರಿದ್ದು, ನಾಲ್ಕು ಮೂಲೆಯ ತ್ರಿಕೋನಗಳೂ ಮೇಲ್ಮುಖವಾಗಿದ್ದರೆ ಆ ಕಾಗದ 1904ರಿಂದ 1918ರ ನಡುವಿನದು. ಕಾಲಿಗೆ ಸುತ್ತುವ ಪಟ್ಟಿಗೆ ಇಂಗ್ಲಿಷಿನಲ್ಲೂ ಪಟ್ಟಿ ಅಂತಲೇ ಹೆಸರು, ಇಂಡಿಯಾದಿಂದ ಎತ್ತಿಕೊಂಡು ಹೋದ ಮಾತು ಅದು. ಇದನ್ನೆಲ್ಲಾ ಒಂದು ರಾತ್ರಿ ಉತ್ಸಾಹದಿಂದ ವಿವರಿಸಿದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡಳು. "ರೀ, ಮಗಳ ಗಣಿತದ ತ್ರಿಕೋನ ನೋಡಿ ಅಂದ್ರೆ ಟೈಮಿಲ್ಲ ಅಂತೀರ. ನಾನು ಹೊಸ ಓಲೆ ಹಾಕ್ಕೊಂಡು ಹತ್ತು ದಿನ ಆಯ್ತು, ಅದು ಕಂಡಿಲ್ಲ. ಆ ಪುಣ್ಯಾತ್ಮನ ತೋಳಿನ ಕಡ್ಡಿ ಕಾಣಿಸ್ತಾ ನಿಮಗೆ?"

ಮಧ್ಯೆ ಒಂದು ಫ್ರೆಂಚ್ ಕಾರ್ಡೂ ಸಿಕ್ಕಿತು. 1914ರ ಸೆಪ್ಟೆಂಬರಿನಲ್ಲಿ ನಮ್ಮ ಸೈನಿಕರು ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದಾಗ ಅಲ್ಲಿನವರು ಮುಗಿಬಿದ್ದು ಫೋಟೋ ತೆಗೆದು ಕಾರ್ಡು ಅಚ್ಚು ಹಾಕಿದರು. ಸರ್ದಾರ್ಜಿಯಾಗಲಿ, ಪಠಾಣನಾಗಲಿ, ಕೆಳಗೆ ಬರೆದಿದ್ದು 'ಹಿಂದೂ' ಅಂತಲೇ. ದೆಹಲಿಯವರಿಗೆ ನಾವೆಲ್ಲಾ ಮದ್ರಾಸಿಗಳಾದ ಹಾಗೆ.

ಹುಚ್ಚು ಜಾಸ್ತಿಯಾದ ಮೇಲೆ ನಕಲಿಯ ಭಯ ಶುರುವಾಯಿತು. ಇದಕ್ಕೆ ಸುಲಭದ ಪರೀಕ್ಷೆ ಇದೆ. 1950ರ ದಶಕದಿಂದ ಈಚೆಗೆ ಕಾಗದ ಬೆಳ್ಳಗೆ ಕಾಣಲಿ ಅಂತ ಒಂದು ರಾಸಾಯನಿಕ ಸೇರಿಸುತ್ತಾರೆ. ಖೋಟಾ ನೋಟು ಹಿಡಿಯುವ ನೇರಳೆ ಟಾರ್ಚು ಬಿಟ್ಟರೆ ಅದು ನೀಲಿಯಾಗಿ ಹೊಳೆಯುತ್ತದೆ. ಹಳೇ ಕಾಗದ ಹೊಳೆಯುವುದಿಲ್ಲ. ಪೂರ್ತಿ ಕತ್ತಲೆ ಬೇಕು, ನಮ್ಮ ಮನೆಯಲ್ಲಿ ಅಂಥ ಜಾಗ ಬಚ್ಚಲೊಂದೇ. ರಾತ್ರಿ ಒಳಗೆ ಹೋಗಿ ಚಿಲಕ ಹಾಕಿ, ಲೈಟ್ ಆರಿಸಿ, ಟಾರ್ಚು ಬಿಟ್ಟೆ. ಕಾರ್ಡು ಸುಮ್ಮನಿತ್ತು. ನನ್ನ ಬನಿಯನ್ ಮಾತ್ರ ಭಗ್ ಅಂತ ಹೊಳೆಯಿತು. ಬಟ್ಟೆ ಪೌಡರಿನಲ್ಲೂ ಅದೇ ರಾಸಾಯನಿಕ ಇರುತ್ತದೆ ಅಂತ ಆಮೇಲೆ ನೆನಪಾಯಿತು. ಆ ಕ್ಷಣಕ್ಕೆ ಎದೆ ಹೊಡೆದುಕೊಂಡು ಚೀರಿದ್ದಂತೂ ನಿಜ. ಹೊರಗೆ ಅಮ್ಮ ಬಾಗಿಲು ಬಡಿಯುತ್ತಿದ್ದಳು. "ಕತ್ತಲಲ್ಲಿ ಏನ್ ಮಾಡ್ತಾ ಇದೀಯೋ?" "ಸೈನಿಕನ್ನ ನೋಡ್ತಾ ಇದೀನಿ ಅಮ್ಮ" ಅಂದೆ. ಬೇರೆ ಉತ್ತರ ಹೊಳೆಯಲೇ ಇಲ್ಲ.

ಅಮ್ಮನದೇ ಇನ್ನೊಂದು. ಹಳೇ ಫೋಟೋಗಳಲ್ಲಿ ಕಪ್ಪಾದ ಕಡೆ, ಅಂಚಿನಲ್ಲಿ, ಬೆಳ್ಳಿಯಂಥ ಹೊಳಪು ಏಳುತ್ತದೆ. ನಿಜವಾಗಿಯೂ ಬೆಳ್ಳಿಯೇ ಅದು, ಫೋಟೋದೊಳಗಿನದು ಮೇಲೆ ಬಂದಿರುತ್ತದೆ. ವಯಸ್ಸಿನ ಗುರುತು. ಇದನ್ನು ಹೆಮ್ಮೆಯಿಂದ ಅಮ್ಮನಿಗೆ ಹೇಳಿದ್ದೇ ತಪ್ಪಾಯಿತು. ಸಂಜೆ ಬರುವಷ್ಟರಲ್ಲಿ ದೀಪಾಲೆ ಕಂಬಗಳ ಜೊತೆ ಒಬ್ಬ ಕಾರ್ಪೊರಲ್‌ನನ್ನೂ ವಿಭೂತಿ ಹಾಕಿ ಉಜ್ಜಿ ಇಟ್ಟಿದ್ದಳು. "ಬೆಳ್ಳಿ ಅಂದ್ಯಲ್ಲೋ, ಎಷ್ಟು ಕಪ್ಪಾಗಿತ್ತು" ಅಂದಳು. ಅವನಿಗೀಗ ಮೂಗಿಲ್ಲ.

ಆದರೆ ಅಮ್ಮನ ವಿಭೂತಿ ನನ್ನ ಬಾಮೈದನ ಪ್ರೀತಿಯ ಮುಂದೆ ಏನೇನೂ ಅಲ್ಲ. ಕೆಲಸ ಹುಡುಕಿಕೊಂಡು ಒಂದು ತಿಂಗಳಿಗೆ ಅಂತ ಬಂದವನು ನಮ್ಮಲ್ಲಿ ಆರು ತಿಂಗಳಿದ್ದ. ಒಂದು ದಿನ ನಾನು ಆಫೀಸಿಂದ ಬಂದಾಗ ಟೀ ಕೈಗೆ ಕೊಟ್ಟು, "ಬಾವ, ನಿಮ್ಮ ಮೂರು ಫೋಟೋ ಹಾಳಾಗ್ತಾ ಇತ್ತು. ಲ್ಯಾಮಿನೇಷನ್ ಮಾಡಿಸಿಬಿಟ್ಟೆ. ತೊಂಬತ್ತು ಹೇಳಿದ, ಎಂಬತ್ತಕ್ಕೆ ಒಪ್ಪಿಸಿದೆ" ಅಂದ. ಫೋಟೋದ ಮೇಲ್ಪದರ ಜೆಲಾಟಿನ್. ಬಿಸಿ ಮಾಡಿ ಪ್ಲಾಸ್ಟಿಕ್ ಅಂಟಿಸಿದರೆ ಎರಡೂ ಒಂದಾಗಿಬಿಡುತ್ತವೆ, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಮೂವರೂ ಈಗ ರೇಷನ್ ಕಾರ್ಡಿನ ಹಾಗೆ ಹೊಳೆಯುತ್ತಾರೆ. ನೀರಿಗೆ ಬಿದ್ದರೂ ಏನೂ ಆಗಲ್ಲ ಅಂದ ಬಾಮೈದ. ಫ್ರಾನ್ಸಿನ ಕಂದಕಗಳ ಕೆಸರಿನಲ್ಲಿ ನಿಂತಿದ್ದಾಗ ಯಾರಾದರೂ ಈ ವ್ಯವಸ್ಥೆ ಮಾಡಿಕೊಡಬೇಕಿತ್ತು. ಎಂಬತ್ತು ರೂಪಾಯಿಯನ್ನೂ ನಾನೇ ಕೊಟ್ಟೆ.

ನನ್ನ ನಿಜವಾದ ಆಸೆ, ನಮ್ಮ ಮಹಾರಾಜರ ಕುದುರೆಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ಒಬ್ಬ ಸವಾರ ಸಿಗಬೇಕು ಅನ್ನೋದು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರಿನಲ್ಲಿ, ಮೆಷಿನ್ ಗನ್‌ಗಳ ಎದುರು ಭರ್ಜಿ ಹಿಡಿದು ಕುದುರೆ ಓಡಿಸಿದವರು ಅವರು, ಜೋಧಪುರದವರ ಜೊತೆಗೂಡಿ. ಊರನ್ನು ಗೆದ್ದೂ ಬಿಟ್ಟರು. ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಪಕ್ಕದಲ್ಲೇ ದಿನಾ ಓಡಾಡುವವರಿಗೂ ಅದು ಏನು ಅಂತ ಗೊತ್ತಿರುವುದಿಲ್ಲ. ಅಂಥವರ ಫೋಟೋ ಕಾರ್ಡು ಒಂದೇ ಒಂದು ಸಿಕ್ಕಿದರೆ ಮಿಕ್ಕ ನಲವತ್ತೊಂದನ್ನೂ ಕೊಟ್ಟುಬಿಡುತ್ತೇನೆ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೆ. ಅವಳೂ ಶ್ರದ್ಧೆಯಿಂದ ಹುಡುಕುತ್ತಿದ್ದಳು.

ಒಂದು ಸಂಜೆ ಒಬ್ಬ ವ್ಯಾಪಾರಿ ಫೋನ್ ಮಾಡಿದ. "ಸಾರ್, ಮೈಸೂರು ಲ್ಯಾನ್ಸರ್ ಸಿಕ್ಕಿದಾನೆ. ಬೇಗ ಬನ್ನಿ, ಇನ್ನೊಬ್ಬರು ಕೇಳ್ತಿದಾರೆ." ಆ ಇನ್ನೊಬ್ಬರು ಇಲ್ಲದಿದ್ದರೆ ಹಳೇ ಸಾಮಾನಿನ ವ್ಯಾಪಾರವೇ ನಿಂತುಹೋಗುತ್ತದೆ. ಓಡಿದೆ. ಆಹಾ! ರುಮಾಲು, ಅದಕ್ಕೊಂದು ತುರಾಯಿ. ಎದೆ ತುಂಬ ಜರಿ. ಹೆಗಲ ಮೇಲೆ ಗೊಂಡೆ. ಕಾಡಿಗೆಯಂಥ ಮೀಸೆ. ಫೋಟೋದ ಕೆಳಭಾಗ ಹರಿದಿತ್ತು. ಎದೆಗೆ ಒತ್ತಿ ಹಿಡಿದ ಕರೀ ಕೋಲಿನ ಮೇಲ್ತುದಿ ಮಾತ್ರ ಕಾಣುತ್ತಿತ್ತು. "ಭರ್ಜಿ ಸಾರ್" ಅಂದ. ಮೂರೂವರೆ ಸಾವಿರ ಕೊಟ್ಟೆ. ಮೆಟ್ರೋದಲ್ಲೇ ಕೂತು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ: 'ಹೈಫಾ ಗೆದ್ದ ವೀರ ಇಂದು ನಮ್ಮ ಮನೆಗೆ.' ಮೂವತ್ತೆರಡು ಜನ ಕೈ ಮುಗಿದರು.

ನಮ್ಮ ರಸ್ತೆಯಲ್ಲಿ ಒಬ್ಬ ರಿಟೈರ್ಡ್ ಸುಬೇದಾರರಿದ್ದಾರೆ. ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವರು. ಮೆಚ್ಚುಗೆಯ ಆಸೆಗೆ ಅವರಲ್ಲಿಗೆ ಕೊಂಡುಹೋದೆ. ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು. ನನಗೆ ಹೆಮ್ಮೆ ಉಕ್ಕುತ್ತಿತ್ತು.

"ಸ್ವಾಮಿ, ಭರ್ಜಿಗೆ ತೂತು ಯಾಕೆ ಇರುತ್ತೆ?"

"ತೂತಾ?"

"ಒಂದು, ಎರಡು, ಮೂರು. ಪಕ್ಕದಲ್ಲಿ ಬೆರಳಿಡೋಕೆ ಕೀ ಬೇರೆ ಇದೆ. ಇದು ಕ್ಲಾರಿನೆಟ್ಟು ಕಣ್ರೀ. ಇವರು ಬ್ಯಾಂಡ್‌ಸೆಟ್ಟಿನವರು."

ಟೋಪಿ ಹಾಕಿದವರ ಫೋಟೋ ಕೂಡಿಸುತ್ತಾ ಕೂಡಿಸುತ್ತಾ ನಾನೇ ಟೋಪಿ ಹಾಕಿಸಿಕೊಂಡಿದ್ದೆ. ಗ್ರೂಪಿನಲ್ಲಿ ಸತ್ಯ ಒಪ್ಪಿಕೊಂಡಾಗ ದೊಡ್ಡಪ್ಪನ ಮಗ "ಮುಂದಿನ ತಿಂಗಳು ನಮ್ಮ ಹುಡುಗನ ಮದುವೆ ಇದೆ, ಇವರನ್ನೇ ಕರೆಸು" ಅಂತ ಬರೆದ. ಅದಕ್ಕೆ ನಲವತ್ತು ಜನ ನಕ್ಕರು. ಕೈ ಮುಗಿದವರಿಗಿಂತ ಎಂಟು ಜನ ಜಾಸ್ತಿ. ಆ ಫೋಟೋವನ್ನು ನಾನು ವಾಪಸ್ ಕೊಟ್ಟಿಲ್ಲ. ನಲವತ್ತೊಂದು ಜನರಲ್ಲಿ ಒಬ್ಬನ ಮುಖದಲ್ಲೂ ಅಷ್ಟು ಗತ್ತಿಲ್ಲ.

ಇದು ಮೊನ್ನೆ ಮಹಾಲಯ ಅಮಾವಾಸ್ಯೆಯ ಮಾತು. ನಮ್ಮಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತೇವೆ. ಅಪ್ಪ, ತಾತ, ಅಜ್ಜಿ, ಮೂರು ಪಟ ಇಳಿಸಿ ಒರೆಸಿ ಸಾಲಾಗಿ ಇಡುವುದು ಅಮ್ಮನ ಕೆಲಸ. ನಾನು ಬಾಳೆ ಎಲೆ ತಂದು ನೋಡುತ್ತೇನೆ, ನಾಲ್ಕು ಪಟ ಇವೆ. ಅಜ್ಜಿಯ ಪಕ್ಕದಲ್ಲಿ ಬೆತ್ತದ ಕುರ್ಚಿಯ ಹುಡುಗ. ಗಾಜಿನ ಮೇಲೆ ವಿಭೂತಿ, ಕುಂಕುಮ. ಎಂಟು ವರ್ಷದಿಂದ ಪೊಟ್ಟಣದಲ್ಲೇ ಇದ್ದ ಗಂಧದ ಹಾರ ಕೊರಳಿಗೆ.

"ಅಮ್ಮ, ಅವನು ನಮಗೇನೂ ಆಗಬೇಕಿಲ್ಲ."

"ಎಂಟು ವರ್ಷದಿಂದ ಮನೇಲಿದಾನೆ. ಒಂದು ಹೊತ್ತು ಊಟ ಕೇಳಿಲ್ಲ. ನಿನ್ನ ಬಾಮೈದ ಹಂಗಿದ್ನಾ?"

ಅಡುಗೆಮನೆಯಲ್ಲಿ ಪಾತ್ರೆ ಸ್ವಲ್ಪ ಜೋರಾಗಿ ಕೆಳಗೆ ಬಿತ್ತು.

"ಯುದ್ಧದಲ್ಲಿ ಸತ್ತನೋ, ವಾಪಸ್ ಬಂದು ಮೊಮ್ಮಕ್ಕಳನ್ನ ಎತ್ತಿ ಆಡಿಸಿದನೋ, ಯಾರಿಗೆ ಗೊತ್ತಮ್ಮ?"

"ಈಗಂತೂ ಇಲ್ಲ ತಾನೆ?"

ಇದ್ದಿದ್ದರೆ ನೂರಮೂವತ್ತರ ಹತ್ತಿರ. ಆ ಲೆಕ್ಕದ ಮುಂದೆ ನನ್ನ ವಾದ ನಿಲ್ಲಲಿಲ್ಲ. "ಸರಿ, ಅವನಿಗೇನು ಇಷ್ಟ ಹೇಳು" ಅಂದಳು. ಅವರ ಸೈನ್ಯದಲ್ಲಿ ಡಬ್ಬಿಗೆ ತುಂಬಿ ಕೊಡುತ್ತಿದ್ದ ಮಾಂಸ ಯಾವುದರದು ಅಂತ ಹೇಳಿದ್ದರೆ ಹಬ್ಬ ಅಲ್ಲಿಗೇ ಮುಗಿಯುತ್ತಿತ್ತು. ಬಿಸ್ಕತ್ತು, ಟೀ, ಸಿಗರೇಟು, ಒಂಚೂರು ರಮ್ ಅಂದೆ. ಅಷ್ಟೇನಾ ಅಂದಳು. ಅಪ್ಪನಿಗೆ ಅಂತ ತಂದಿದ್ದ ಕ್ವಾರ್ಟರಿನಲ್ಲಿ ಅವನಿಗೂ ಒಂದು ಲೋಟಕ್ಕೆ ಬಗ್ಗಿಸಿದಳು. ನಾಲ್ಕನೇ ಎಲೆಗೆ ಮೇರಿ ಬಿಸ್ಕತ್ತು ಬಿತ್ತು, ಜೊತೆಗೆ ಕಜ್ಜಾಯ, ವಡೆ, ನಾಟಿಕೋಳಿ ಸಾರು, ಮಧ್ಯದಲ್ಲಿ ಬಿಸಿ ಮುದ್ದೆ.

ಧೂಪ ಹಾಕಿ, ಕೈ ಮುಗಿದು, ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಂದಕ್ಕೆಳೆದು ಎಲ್ಲರೂ ವರಾಂಡದಲ್ಲಿ ನಿಂತೆವು. ಐದನೇ ಕ್ಲಾಸಿನ ಮಗಳು ಬಾಗಿಲ ಸಂದಿಯಲ್ಲಿ ಇಣುಕಲು ನೋಡಿ ಬೈಸಿಕೊಂಡಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಪಿಸುಗುಟ್ಟಿದಳು.

"ಅಪ್ಪ, ಅವನಿಗೆ ಮುದ್ದೆ ನುಂಗೋಕೆ ಬರುತ್ತಾ? ಅಗಿದುಬಿಟ್ರೆ?"

"ನಿಮ್ಮ ತಾತ ಪಕ್ಕದಲ್ಲೇ ಇದಾರಲ್ಲ, ಹೇಳ್ಕೊಡ್ತಾರೆ. ಸುಮ್ನಿರು" ಅಂದಳು ಅಮ್ಮ.