ಅಜ್ಜ ಯೊಕೊಜುನ ಆಗಿದ್ದರೆ ಮೊಮ್ಮಗನಿಗೆ ಅನುಕೂಲವಾ?

ಪರ

ಅನುಕೂಲ ಅಲ್ಲದೆ ಮತ್ತೇನು? ಜಪಾನಿನ ಸುಮೊ ಕುಸ್ತಿಪಟು ಕೊಟೊಜಕುರ ಬೆಳೆದ ಮನೆಯನ್ನೇ ನೋಡಿ. ತಾಯಿಯ ತಂದೆ 53ನೇ ಯೊಕೊಜುನ, ಸುಮೊದಲ್ಲಿ ಅದಕ್ಕಿಂತ ದೊಡ್ಡ ಪಟ್ಟ ಇಲ್ಲ. ಅಪ್ಪ ಮೇಲಿನಿಂದ ಮೂರನೇ ಪಟ್ಟವಾದ ಸೆಕಿವಾಕೆವರೆಗೆ ಏರಿದವರು, 2005ರಲ್ಲಿ ಮಾವನಿಂದ ಸಾದೊಗತಾಕೆ ಗರಡಿ ವಹಿಸಿಕೊಂಡರು. ಅಮ್ಮ ಅದೇ ಗರಡಿಯ ಯಜಮಾನಿ. ಹುಡುಗನಿಗೆ ಮನೆ ಬೇರೆ, ಗರಡಿ ಬೇರೆ ಅಂತ ಇರಲೇ ಇಲ್ಲ.

ಶಿಕೊ ಗೊತ್ತಲ್ಲ, ಒಂದು ಕಾಲನ್ನು ಪಕ್ಕಕ್ಕೆ ಎತ್ತಿ ಧಪ್ ಅಂತ ನೆಲಕ್ಕೆ ಇಳಿಸುವುದು. ನೋಡಲು ಸುಲಭ. ಆದರೆ ನಿಂತ ಕಾಲು ನಡುಗಬಾರದು, ಎದೆ ಮುಂದಕ್ಕೆ ಬಾಗಬಾರದು, ಕಾಲು ಇಳಿದ ಮೇಲೆ ಸೊಂಟ ತಗ್ಗಿಯೇ ಇರಬೇಕು. ಊರು ಬಿಟ್ಟು ಹೊಸದಾಗಿ ಬಂದ ಹುಡುಗ ಇದಕ್ಕೇ ಎಷ್ಟೋ ದಿನ ಬೈಸಿಕೊಳ್ಳುತ್ತಾನೆ. ಗರಡಿಯಲ್ಲೇ ಆಡಿ ಬೆಳೆದವನಿಗೆ ಅದು ಕಣ್ಣಲ್ಲೇ ಕೂತಿರುತ್ತದೆ.

ಹಾಗಂತ ಯಾರೂ ಅವನಿಗೆ ಸುಮ್ನೆ ಪಟ್ಟ ಕಟ್ಟಲಿಲ್ಲ. ವಶೀಲಿ ನಡೆಯುವ ಆಟವೇ ಅಲ್ಲ ಇದು. 15 ದಿನದ ಪಂದ್ಯಾವಳಿಯಲ್ಲಿ 8 ಗೆದ್ದರೆ ಬಚಾವ್, ಇಲ್ಲದಿದ್ದರೆ ಇಳಿತ. 2015ರಲ್ಲಿ ಕಣಕ್ಕಿಳಿದ. 2019ರಲ್ಲಿ ಸಂಬಳ ಸಿಗುವ ಜೂರ್ಯೊ ದರ್ಜೆ ಮುಟ್ಟಿದಾಗ ಅಪ್ಪನ ಹೆಸರು ಕೊಟೊನೊವಾಕ ಸಿಕ್ಕಿತು, 2024ರಲ್ಲಿ ಯೊಕೊಜುನಕ್ಕಿಂತ ಒಂದೇ ಮೆಟ್ಟಿಲು ಕೆಳಗಿನ ಒಜೆಕಿ ಆದ ಮೇಲೆ ಅಜ್ಜನ ಹೆಸರು ಕೊಟೊಜಕುರ. ಒಜೆಕಿ ಆದರೆ ನನ್ನ ಹೆಸರು ಕೊಡ್ತೀನಿ ಅಂತ ಅಜ್ಜ ಚಿಕ್ಕಂದಿನಲ್ಲೇ ಮಾತು ಕೊಟ್ಟಿದ್ದರಂತೆ. ಇಂಥ ಆಸೆ ಹಚ್ಚುವವರು ಬೇರೆ ಹುಡುಗರಿಗೆ ಎಲ್ಲಿ ಸಿಗಬೇಕು? ಅದೇ ವರ್ಷದ ನವೆಂಬರ್‌ನಲ್ಲಿ ಫುಕುವೊಕ ನಗರದ ಪಂದ್ಯಾವಳಿಯ ಕೊನೆಯ ದಿನ ಇಬ್ಬರು 13-1ರಲ್ಲಿ ಸಮ ಇದ್ದರು, ಇವನು ಗೆದ್ದು ಮೊದಲ ಕಪ್ ಎತ್ತಿದ. ಎದುರಿಗಿದ್ದ ಹೊಶೊರ್ಯು ಯಾರು ಅಂದುಕೊಂಡಿರಿ? ಯೊಕೊಜುನ ಅಸಾಶೊರ್ಯುವಿನ ಅಣ್ಣನ ಮಗ!

ವಿರೋಧ

ಕತೆಯನ್ನು ಆ ಕಪ್ ಹತ್ತಿರವೇ ನಿಲ್ಲಿಸಿದ್ದು ಜಾಣತನ. ಮುಂದಿನ ಜನವರಿಯಲ್ಲಿ ಏನಾಯಿತು? ಇನ್ನೊಂದು ಕಪ್ ಗೆದ್ದಿದ್ದರೆ ಮೊಮ್ಮಗನೂ ಯೊಕೊಜುನ ಅಂತ ಎಲ್ಲರೂ ಕಾಯುತ್ತಿದ್ದರು. ಬಂದದ್ದು 5 ಗೆಲುವು, 10 ಸೋಲು. ಹೆಸರಿನ ಭಾರಕ್ಕೇ ಸೋತ ಅಂತ ನಾನು ಹೇಳಲಾರೆ, ಆದರೆ ಆ ಹೆಸರು ಅವನ ಕೈ ಹಿಡಿಯಲೂ ಇಲ್ಲ, ಅಲ್ವಾ? 31 ಕಪ್ ಗೆದ್ದ ಯೊಕೊಜುನ ಚಿಯೊನೊಫುಜಿ ಹೊಕ್ಕೈಡೊ ದ್ವೀಪದ ಮೀನುಗಾರನ ಮಗ. ಅವರ ಮನೆಯಲ್ಲಿ ಯಾವ ಅಜ್ಜ ಯೊಕೊಜುನ ಆಗಿದ್ದರು?

ಇದಕ್ಕಿಂತ ಜಾಸ್ತಿ ನನಗೆ ಬೇಜಾರು ಬೇರೆ ವಿಷಯಕ್ಕೆ. ಮನೆಯೇ ಗರಡಿಯಾದರೆ ಹೋಗಿ ಅಳುವುದಕ್ಕೆ ಇನ್ನೊಂದು ಮನೆ ಇರುವುದಿಲ್ಲ. ವಾಕನೊಹಾನ, ತಕನೊಹಾನ ಅಣ್ಣತಮ್ಮಂದಿರು 1988ರಲ್ಲಿ ಅಪ್ಪನ ಗರಡಿಗೇ ಸೇರಿದರು. ಅವತ್ತಿನಿಂದ ಅಪ್ಪನನ್ನು ಅಪ್ಪ ಅನ್ನುವಂತಿಲ್ಲ, ಒಯಾಕತ, ಅಂದರೆ ಗರಡಿಯ ಗುರು ಅನ್ನಬೇಕು. ತಮ್ಮ ಕೋಣೆ ಬಿಟ್ಟು ಹೊಸಬರ ಜೊತೆ ಮಲಗಬೇಕು, ಕಸ ಗುಡಿಸಬೇಕು, ದೊಡ್ಡವರ ಊಟ ಮುಗಿದ ಮೇಲೆ ಪಾತ್ರೆಯಲ್ಲಿ ಉಳಿದ ಚಾಂಕೊ, ಅಂದರೆ ಗರಡಿಯ ಸಾರಿನಂಥ ಅಡುಗೆ, ತಿನ್ನಬೇಕು. ತಮ್ಮನಿಗೆ ಆಗ 15 ವರ್ಷ. ಬೇರೆ ಹುಡುಗರಾದರೆ ರಾತ್ರಿ ಊರಿನ ಅಪ್ಪ ಅಮ್ಮನನ್ನು ನೆನೆಸಿಕೊಳ್ಳಬಹುದಿತ್ತು. ಇವರ ಅಪ್ಪ ಅಮ್ಮ ಅದೇ ಕಟ್ಟಡದಲ್ಲಿ ಇದ್ದರು.

ಇಬ್ಬರೂ ಯೊಕೊಜುನ ಆದರು, ಅದನ್ನು ಒಪ್ಪೋಣ. ಒಂದೇ ಗರಡಿಯವರನ್ನು ಮಾಮೂಲಿ ಪಂದ್ಯದಲ್ಲಿ ಎದುರುಬದುರು ನಿಲ್ಲಿಸುವುದಿಲ್ಲ, ಆದರೆ ಮೊದಲ ಸ್ಥಾನಕ್ಕೆ ಸಮ ಬಂದರೆ ತಪ್ಪಿಸಿಕೊಳ್ಳುವಂತಿಲ್ಲ. 1995ರ ನವೆಂಬರ್‌ನಲ್ಲಿ ಹಾಗೇ ಆಯಿತು, ದೇಶವೆಲ್ಲ ನೋಡುತ್ತಿರುವಾಗ ಅಣ್ಣ ತಮ್ಮನನ್ನು ಕೆಡವಿ ಕಪ್ ಗೆದ್ದ. ಮುಂದೆ 2005ರಲ್ಲಿ ಅಪ್ಪ ತೀರಿಕೊಂಡಾಗ ಅಂತ್ಯಕ್ರಿಯೆಗೆ ಯಾರು ಮುಂದೆ ನಿಲ್ಲಬೇಕು ಅನ್ನುವುದಕ್ಕೇ ಇಬ್ಬರಿಗೂ ಮನಸ್ತಾಪ ಬಂತು, ಅದೂ ಟಿವಿಯವರ ಬಾಯಿಗೆ ಬಿತ್ತು.