ರಿಟರ್ನ್ ಹೋಗಿಲ್ಲ, ರಿಫಂಡ್ ಬಂತು!

ಸಂಬಳದಲ್ಲಿ ಹಿಡಿದ ತೆರಿಗೆಯ ಲೆಕ್ಕ ತೋರಿಸುವ ಫಾರ್ಮ್ 16 ಇನ್ನೂ ಕೈಗೆ ಬಂದಿಲ್ಲ. ಅಷ್ಟರಲ್ಲೇ ಫೋನಿಗೆ ಮೆಸೇಜ್: 'ನಿಮ್ಮ ಇನ್‌ಕಮ್ ಟ್ಯಾಕ್ಸ್ ರಿಫಂಡ್ ಮಂಜೂರಾಗಿದೆ.' ಹಾಕದೇ ಇರುವ ಅರ್ಜಿಗೆ ದುಡ್ಡು ಕೊಡುವ ಕಚೇರಿ ಈ ದೇಶದಲ್ಲಿದೆ ಎಂದು ನಂಬಲು ದೊಡ್ಡ ಮನಸ್ಸು ಬೇಕು. ನಮಗದು ಧಾರಾಳವಾಗಿದೆ.

2023ರಲ್ಲಿ ಓಡಾಡಿದ ಮೆಸೇಜಂತೂ ಸಮಾನತೆಯ ಪರಮಾವಧಿ. ಯಾರಿಗೇ ಬರಲಿ, ರಿಫಂಡ್ 15,490 ರೂಪಾಯಿ. ಮ್ಯಾನೇಜರಿಗೂ ಅಷ್ಟೇ, ರಿಟೈರಾದ ಮೇಷ್ಟ್ರಿಗೂ ಅಷ್ಟೇ. ಜೊತೆಗೆ ಸುಮ್ನೆ ಯಾವುದೋ ಒಂದು ಖಾತೆ ನಂಬರು. ತಪ್ಪಾಗಿದ್ದರೆ ಲಿಂಕ್ ಒತ್ತಿ ಸರಿಪಡಿಸಬೇಕಂತೆ. ಈ ಕೊಕ್ಕೆ ಇಟ್ಟವನಿಗೆ ಕೈ ಮುಗಿಯಬೇಕು. ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರೇ ತಪ್ಪಾಗಿದ್ದರೂ ಅಲುಗಾಡದ ನಾವು ಇಲ್ಲಿ ಮಾತ್ರ ಎದ್ದು ಕೂತು ಕಾರ್ಡ್ ನಂಬರು, ಪಿನ್, ಒಟಿಪಿ ಎಲ್ಲ ತುಂಬುತ್ತೇವೆ. ಇದು ಸುಳ್ಳು ಅಂತ ಪಿಐಬಿ ಫ್ಯಾಕ್ಟ್ ಚೆಕ್ ಹೇಳಿತು. ಆದರೆ ಅದು ಸರ್ಕಾರದ್ದಲ್ವಾ, ಯಾರು ನಂಬ್ತಾರೆ?

ದುಡ್ಡು ಹೋದ ಕೂಡಲೇ ಫೋನ್ ಮಾಡಬೇಕಾದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ನಾವು ಮಾಡುವುದು ಮೆಸೇಜ್ ಕಳಿಸಿದವನಿಗೇ, ರಿಫಂಡ್ ಇನ್ನೂ ಬಂದಿಲ್ಲವಲ್ಲ ಎಂದು.

ಅಸಲಿ ಇಲಾಖೆಗೆ ಇಷ್ಟು ನಯ ಗೊತ್ತಿಲ್ಲ. ಅದು ಪಿನ್ ಕೇಳುವುದಿಲ್ಲ. ಪೋರ್ಟಲ್‌ನಲ್ಲಿ ನೀವೇ ವ್ಯಾಲಿಡೇಟ್ ಮಾಡಿಸಿದ ಖಾತೆಗೆ ದುಡ್ಡು ಹಾಕಿ ಸುಮ್ಮನಾಗುತ್ತದೆ. 2019ರ ಅಕ್ಟೋಬರ್‌ನಿಂದ ನೋಟಿಸುಗಳಿಗೆ ಡಿಐಎನ್ ಅಂತ ನಂಬರು ಬೇರೆ ಹಾಕುತ್ತಿದೆ, ಅಸಲಿಯೋ ನಕಲಿಯೋ ನೀವೇ ನೋಡಿಕೊಳ್ಳಿ ಎಂದು. ರಿಟರ್ನ್ ಸಲ್ಲಿಸುವ ಕೊನೆ ದಿನವನ್ನಾದರೂ ಗಟ್ಟಿಯಾಗಿ ಹೇಳುತ್ತದಾ? 2025ರಲ್ಲಿ ಜುಲೈ 31 ಇದ್ದದ್ದು ಸೆಪ್ಟೆಂಬರ್ 15 ಆಗಿ, ಆಮೇಲೆ 16 ಆಯಿತು. ಕಳ್ಳ ಹಾಗಲ್ಲ. ಅರ್ಧ ಗಂಟೆಯೊಳಗೆ ಲಿಂಕ್ ಒತ್ತಿ ಎಂದರೆ ಅರ್ಧ ಗಂಟೆಯೇ.

ಲಿಂಕ್ ಒತ್ತದ ಬುದ್ಧಿವಂತರಿಗೆ ಬೇರೆ ಏರ್ಪಾಡಿದೆ: ರಿಟರ್ನ್ ತುಂಬಿಕೊಡುವ ಏಜೆಂಟ್. 'ಜಾಸ್ತಿ ರಿಫಂಡ್ ಮಾಡಿಸಿಕೊಡ್ತೀನಿ ಸಾರ್, ಬಂದಿದ್ದರಲ್ಲಿ ನನಗಿಷ್ಟು.' ಸ್ವಂತ ಮನೆಯಲ್ಲಿರುವವರಿಗೂ ಮನೆ ಬಾಡಿಗೆಯ ಎಚ್‌ಆರ್‌ಎ, ಇಲ್ಲದ ಸಾಲಕ್ಕೂ ಬಡ್ಡಿ. ವೋಟು ಹಾಕಲಿಕ್ಕೂ ಹೋಗದ ಮನುಷ್ಯ 80ಜಿಜಿಸಿ ಎಂಬ ತೆರಿಗೆ ವಿನಾಯಿತಿಯ ಅಡಿಯಲ್ಲಿ, ಹೆಸರೇ ಕೇಳದ ಪಕ್ಷಕ್ಕೆ ದೇಣಿಗೆ ಕೊಟ್ಟ ದಾನಶೂರ.

2025ರ ಜುಲೈ 14ರಂದು ಇಲಾಖೆ 150ಕ್ಕೂ ಹೆಚ್ಚು ಕಡೆ ಹುಡುಕಾಡಿದಾಗ ಗೊತ್ತಾಯಿತು: ಕೆಲವು ಏಜೆಂಟರು ರಿಟರ್ನ್‌ಗೆಂದೇ ತಾತ್ಕಾಲಿಕ ಇಮೇಲ್ ತೆರೆದು, ಆಮೇಲೆ ಕೈಬಿಟ್ಟಿದ್ದರು. ನೋಟಿಸುಗಳೆಲ್ಲ ಅಲ್ಲೇ ಹೋಗಿ ಬೀಳುತ್ತಿದ್ದವು. ಸುಳ್ಳು ಲೆಕ್ಕ ಕೊಟ್ಟರೆ, ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ. ಕಟ್ಟಬೇಕಾದವನಿಗೆ ಇದ್ಯಾವುದೂ ಗೊತ್ತಿಲ್ಲ. ಅವನು ಏಜೆಂಟನ ನಂಬರನ್ನು ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದಾನೆ: 'ಬಹಳ ಒಳ್ಳೆ ಮನುಷ್ಯ. ಒಂದು ಪೇಪರೂ ಕೇಳಲಿಲ್ಲ.'